ಕಂಬಿಯ ಕೆಳಗಿನ ಕೈ

ನಮ್ಮ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಅಡ್ಡಕಂಬಿಯ ಮೇಲೆ ಆಡುವವನ ಪಕ್ಕದಲ್ಲಿ, ಕೆಳಗೆ, ಅವನ ಜೊತೆಗಾರ ನಿಲ್ಲುತ್ತಾನೆ. ಬಿದ್ದರೆ ಹಿಡಿಯಬೇಕು. ಬೀಳದವನನ್ನು ಮುಟ್ಟಬಾರದು. ಬೆರಳ ತುದಿ ಸೋಕಿದರೂ ಆ ಆಟಕ್ಕೆ ಸೊನ್ನೆ. ಸೋಕಿತೋ ಇಲ್ಲವೋ ಎಂದು ತೀರ್ಪುಗಾರರು ಬಗ್ಗಿ ನೋಡುತ್ತಿರಲಿಲ್ಲ, ಅದು ಮಾನಸ್ಥರಿಗೆ ಮಾಡುವ ಅವಮಾನ. ಇಳಿದವನು ತಾನೇ ಬಲಗೈ ಎತ್ತಿ 'ಮುಟ್ಟಿದರು' ಎನ್ನಬೇಕು. ಆಮೇಲೆ ಪಕ್ಕದಲ್ಲಿ ನಿಂತವನನ್ನು ಒಂದೇ ಮಾತು ಕೇಳುತ್ತಾರೆ, ಮುಟ್ಟಿದೆಯಾ ಎಂದು. ಅವನು ಹೇಳಿದ್ದೇ ಕೊನೆ. ಯಾರೂ ನಿಂತಿರದಿದ್ದರೆ ಆಡಿದವನ ಮಾತೇ ಕೊನೆ.

ವೆಂಡೆಲ್ ಕೋಪ್ ಮೊದಲ ಸಲ ಕೈ ಎತ್ತಿದ ದಿನ ಅವನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.

ಸೇಂಟ್ ಲೂಯಿಸ್‌ನ ದಕ್ಷಿಣದ ಬೀದಿಗಳಲ್ಲಿ ಆ ಕಾಲಕ್ಕೆ ವೆಂಡೆಲ್‌ನ ಹೆಸರು ಕೇಳದವರಿಲ್ಲ. ಏಳು ವರ್ಷದವನಿದ್ದಾಗ ಬಿಯರ್ ಕಾರ್ಖಾನೆಯ ಗೇಟಿನ ಸರಳಿಗೆ ತಲೆಕೆಳಗಾಗಿ ಜೋತುಬಿದ್ದಿದ್ದವನನ್ನು ನಮ್ಮ ಗರಡಿಯ ಬ್ರೆಂಡೆಲ್ ಮೇಷ್ಟ್ರು ಕಂಡರಂತೆ. 'ಯಾರ ಮಗನೋ ನೀನು?' ಎಂದರೆ, 'ಯಾರ್ದೂ ಅಲ್ಲ' ಎಂದನಂತೆ. ನಿಜವೇ. ತಾಯಿ ಆ ಚಳಿಗಾಲದಲ್ಲಿ ಜ್ವರದಿಂದ ಸತ್ತಿದ್ದಳು, ತಂದೆ ನದಿಯ ದೋಣಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಮೇಷ್ಟ್ರು ಅವನನ್ನು ಗರಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ಕಸರತ್ತಿನ ಮರದ ಕುದುರೆಯ ಮೇಲೆಯೇ ಅವನು ಬೆಳೆದ ಎಂದರೂ ಸುಳ್ಳಲ್ಲ. ಜಗತ್ತೆಲ್ಲ ನಮ್ಮೂರಿಗೆ ಬಂದ ಆ ದೊಡ್ಡ ಮೇಳದ ವರ್ಷ, ಹತ್ತೊಂಬತ್ತರ ಹುಡುಗ, ನೂರಾರು ಜನರ ನಡುವೆ ಕಂಬಿ ಹಿಡಿದ. ಗೆಲ್ಲಲಿಲ್ಲ, ಆದರೆ ಗೆದ್ದವರು ಬಂದು ಅವನ ಅಂಗೈ ನೋಡಿಕೊಂಡು ಹೋದರು. ಆಮೇಲೆ ಮೂರು ವರ್ಷ ಜಿಲ್ಲೆಯ ಕೂಟಗಳಲ್ಲಿ ಗೆದ್ದವರಿಗೆ ತೊಡಿಸುವ ಓಕ್ ಎಲೆಯ ಕಿರೀಟ ಬೇರೆಯವರ ತಲೆಗೆ ಹೋಗಲಿಲ್ಲ. ಹಗಲು ಪೀಪಾಯಿ ಮಾಡುವ ಕೆಲಸ, ಸಂಜೆ ಕಂಬಿ.

ಅವನ ಜೊತೆಗಾರ ನನ್ನ ತಮ್ಮ ಟೋಬಿಯಸ್. ಒಬ್ಬ ಆಡಿದರೆ ಇನ್ನೊಬ್ಬ ಪಕ್ಕದಲ್ಲಿ ನಿಲ್ಲುವನು. ನಾನು ಮೇಲಿನ ಮೊಗಸಾಲೆಯಲ್ಲಿ ಕೂತು ಅವರ ಬಿಳಿ ಅಂಗಿಗಳಿಗೆ ತೇಪೆ ಹಾಕುತ್ತಿದ್ದೆ.

ಆ ಗರಡಿಯವರಿಗೆ ದೇವರೆಂದರೆ ಅಷ್ಟಕ್ಕಷ್ಟೆ. ಭಾನುವಾರ ನಾನು ಚರ್ಚು ಮುಗಿಸಿ ಬಂದರೆ ಕೆಳಗೆ ಬಿಯರ್ ಕುಡಿಯುತ್ತ ಕೂತವರು ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ ರೋಸಿನಾ, ದೇವರು ಚೆನ್ನಾಗಿದಾನಾ? ನಮ್ಮನ್ನ ಕೇಳ್ದ್ನಾ?"

"ಕೇಳ್ದ. ಮುಖ ನೆನಪಿದೆ, ಹೆಸರು ಮರ್ತೋಯ್ತು ಅಂದ."

ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಾನು ಬೆಳೆದದ್ದು ಅಜ್ಜಿಯ ಬಾಯಿಂದ ಬಿದ್ದ ದೇವರ ಪದಗಳ ಮೇಲೆ. ಅವಳಿಗೆ ಓದು ಬರುತ್ತಿರಲಿಲ್ಲ. ನೂರಾರು ಪದ ಬಾಯಿಪಾಠ ಇತ್ತು. ಹಿಟ್ಟು ನಾದುವಾಗ ಒಂದು, ಬಟ್ಟೆ ಹಿಂಡುವಾಗ ಒಂದು. ಅದರಲ್ಲಿ ಇದೊಂದು:

ಎತ್ತಿದ ಕೈಯೇ ಇಳಿಸುವ ಕೈ,
ಇಳಿಸಿದ ಕೈಯೇ ಕಾಯುವ ಕೈ,
ಕಾಯುವ ಕೈಯನು ಕಾಣದು ಕಣ್ಣು,
ಕಾಣದ ಕೈಗೆ ಮಣಿ, ಮನವೇ.

ಕಂಬಿಯ ಮೇಲೆ ದೊಡ್ಡ ಸುತ್ತು ಹಾಕುವಾಗ ಮೈ ಒಂದು ಸಲ ತಿರುಗಿ ಬರುವುದಕ್ಕೂ ಈ ಪದದ ಒಂದು ಸಾಲಿಗೂ ಸರಿಹೋಗುತ್ತಿತ್ತು. ನಾನು ಮೇಲೆ ಕೂತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ನಾಲ್ಕನೆಯ ಸಾಲು ಮುಗಿಯುವಾಗ ಅವರು ಕಂಬಿಯನ್ನು ಬಿಟ್ಟು ಗಾಳಿಯಲ್ಲಿ ತಿರುಗಿ ಮತ್ತೆ ಹಿಡಿಯುತ್ತಿದ್ದರು.

ಟೋಬಿಯಸ್ ಸತ್ತ ವರ್ಷದ ಚಳಿಗಾಲದ ಕೂಟದಲ್ಲಿ ವೆಂಡೆಲ್ ಅವನ ಪಕ್ಕ ನಿಂತಿದ್ದ. ಸುತ್ತು ಸ್ವಲ್ಪ ಓರೆಯಾದಂತೆ ಕಂಡು ಹೆದರಿ ಬೆನ್ನಿಗೆ ಕೈ ಕೊಟ್ಟ. ಟೋಬಿಯಸ್ ಇಳಿದು, ಬಲಗೈ ಎತ್ತಿ, 'ಮುಟ್ಟಿದರು' ಎಂದ. ಆರು ಜನರ ತಂಡ ಆ ಒಂದು ಸೊನ್ನೆಯಿಂದ ಸೋತಿತು. ಆ ವಾರದ ಭಾನುವಾರ ಊಟಕ್ಕೆ ಕೂತಾಗ ಟೋಬಿಯಸ್ ಸಪ್ಪಗಿದ್ದ. ನಾನು ಬೇಳೆಯ ಸಾರು ಬಡಿಸುತ್ತ ಅಂದೆ:

"ಇನ್ನೊಬ್ರ ಅಂಗೈ ಮೇಲೆ ಕೂತು ಹಾರೋಕೆ ಗುಬ್ಬಚ್ಚಿನೂ ನಾಚ್ಕೊಳುತ್ತೆ ಕಣೋ."

ತಮಾಷೆಗೆ ಅಂದದ್ದು. ಅವನು ಚಮಚ ಕೆಳಗಿಟ್ಟ. "ಸರಿ ಅಕ್ಕ" ಎಂದ.

ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಗರಡಿಯ ಒಂದು ಮೂಲೆಯಲ್ಲಿ ಹುಡುಗಿಯರ ಕವಾಯತು, ಪಿಯಾನೋ ಜೋರಾಗಿ ಬಡಿಯುತ್ತಿತ್ತು. ಟೋಬಿಯಸ್ ಕಂಬಿಯ ಮೇಲಿದ್ದ, ವೆಂಡೆಲ್ ಪಕ್ಕದಲ್ಲಿದ್ದ. ನಾಲ್ಕನೆಯ ಸುತ್ತಿಗೆ ಟೋಬಿಯಸ್ ಕಂಬಿ ಬಿಟ್ಟ. ತಿರುಗಿ ಹಿಡಿಯುವಾಗ ಒಂದು ಕೈಗೆ ಕಂಬಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಅವನು ಒಂದು ಕೂಗು ಕೂಗಿದ. ವೆಂಡೆಲ್‌ನ ಎರಡು ಕೈಗಳೂ ಮೇಲಿದ್ದವು. ಆದರೆ ಅವು ಕಣ್ಣು ಮಿಟುಕಿಸುವಷ್ಟು ಹೊತ್ತು ಅಲ್ಲೇ ನಿಂತವು, ಯಾವುದಕ್ಕೋ ಕಾಯುವಂತೆ. ಟೋಬಿಯಸ್ ಕತ್ತಿನ ಮೇಲೆ ಬಿದ್ದ. ಮೂರು ದಿನ ಉಸಿರಾಡಿದ, ಮಾತಾಡಲಿಲ್ಲ.

ಮಣ್ಣು ಮಾಡಿದ ದಿನ ಎಲ್ಲರ ಮುಂದೆ ವೆಂಡೆಲ್ ಹೇಳಿದ: "ನಾನು ನಿನ್ನ ಹೆಸರು ಹಿಡಿದು ಕರೆದ್ರೆ ಮಾತ್ರ ಹಿಡಿ, ಇಲ್ದಿದ್ರೆ ನಾನು ಸತ್ರೂ ಮುಟ್ಬೇಡ ಅಂತ ನನ್ನ ಕೈಲಿ ಮಾನದ ಮೇಲೆ ಆಣೆ ಹಾಕಿಸ್ಕೊಂಡಿದ್ದ. ನನ್ನ ಹೆಸರು ಕರೀಲಿಲ್ಲ."

ಪಿಯಾನೋ ಸದ್ದಿನಲ್ಲಿ ಉಳಿದವರಿಗೆ ಏನೂ ಕೇಳಿಸಿರಲಿಲ್ಲ. ಮೇಲೆ ಮೊಗಸಾಲೆಯಲ್ಲಿದ್ದ ನನಗೆ ಕೇಳಿಸಿತ್ತು. ಕೇಳುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಟೋಬಿಯಸ್ ಕೂಗಿದ್ದು "ಅಕ್ಕಾ" ಎಂದು.

ಅದನ್ನು ನಾನು ಯಾರಿಗೂ ಹೇಳಲಿಲ್ಲ. ಸಾರಿನ ಬಟ್ಟಲಿನ ಮುಂದೆ ಆಡಿದ ಮಾತನ್ನೂ ಹೇಳಲಿಲ್ಲ. ಊರು ವೆಂಡೆಲ್‌ನ ಕಡೆ ನೋಡಿತು, ನಾನು ನೆಲ ನೋಡಿದೆ.

ಆಮೇಲೆ ವೆಂಡೆಲ್ ಯಾರನ್ನೂ ಪಕ್ಕದಲ್ಲಿ ನಿಲ್ಲಗೊಡಲಿಲ್ಲ. ಒಬ್ಬನೇ ಆಡಿದ. ಹಿಂದೆಂದೂ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಶರತ್ಕಾಲದ ಕೂಟದಲ್ಲಿ ಅವನು ಕಂಬಿಯಿಂದ ಇಳಿದು ನಿಂತಾಗ ಜನ ಮೇಜು ಬಡಿದರು. ಅಷ್ಟರಲ್ಲಿ ಅವನ ಬಲಗೈ ಮೇಲೆದ್ದಿತು.

"ಮುಟ್ಟಿದರು."

"ಯಾರೋ?" ಎಂದರು ತೀರ್ಪುಗಾರರು.

"ಗೊತ್ತಿಲ್ಲ. ಮುಟ್ಟಿದ್ರು."

ಸೊನ್ನೆ ಹಾಕಿದರು. ಬೇರೆ ದಾರಿಯಿರಲಿಲ್ಲ. ಕ್ರಿಸ್‌ಮಸ್ ಕೂಟದಲ್ಲಿ ಮತ್ತೆ. ವಸಂತದಲ್ಲಿ ಮತ್ತೆ. ತಂಡದ ಐದು ಜನ ಎಷ್ಟು ಚೆನ್ನಾಗಿ ಆಡಿದರೂ ಆರನೆಯವನು ಕೈ ಎತ್ತಿ ಎಲ್ಲವನ್ನೂ ನೀರಿಗೆ ಹಾಕುತ್ತಿದ್ದ. ಮೊದಲು ಕನಿಕರ ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ಅಪಹಾಸ್ಯ. ಮರದ ಕುದುರೆಯ ಮೇಲೆ ಆಡುವ ಫ್ರಿಟ್ಸ್ ಹಾಸೆ ಎಂಬವನು ಖಾಲಿ ಗಾಳಿಗೆ ಟೋಪಿ ತೆಗೆದು, "ನಮಸ್ಕಾರ ಸ್ವಾಮಿ, ಇವತ್ತು ರಜಾ ತಗೊಳ್ಳಿ" ಎಂದು ಕೈ ಮುಗಿಯುತ್ತಿದ್ದ. ವೆಂಡೆಲ್ ಅವನಿಗೆ ಹೊಡೆಯಲಿಲ್ಲ. ಅವನು ಕೈ ಮುಗಿದ ಕಡೆಗೇ ನೋಡುತ್ತ ನಿಂತುಬಿಡುತ್ತಿದ್ದ. ಆಮೇಲೆ ಫ್ರಿಟ್ಸ್ ಆ ಆಟ ಬಿಟ್ಟ.

ಮೇ ತಿಂಗಳಲ್ಲಿ ಮೇಷ್ಟ್ರು ನಮ್ಮ ಮನೆಗೆ ಬಂದರು. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.

"ಜೂನ್‌ನಲ್ಲಿ ಬೆಲ್‌ವಿಲ್ ಕೂಟ. ಅಲ್ಲೂ ಅವನು ಕೈ ಎತ್ತಿದ್ರೆ ಸಂಘದ ಪಟ್ಟಿಯಿಂದ ಹೆಸರು ಹೊಡೀತಾರೆ ಕಣಮ್ಮ. ಓಟು ಆಗೋಗಿದೆ. ನಾನೊಬ್ನೇ ಬೇಡ ಅಂದಿದ್ದು."

"ಗರಡಿ ಕೋಣೆ?"

"ಕೋಣೆನೂ ಹೋಗುತ್ತೆ. ಅವನಿಗೆ ಇನ್ಯಾರಿದಾರೆ ಹೇಳು. ನಾನು ಸಾಕಿದ ಮಗ ಅವನು. ನಾನೇ ಬೀಗ ಹಾಕ್ಬೇಕು." ಅವರು ಮುಖ ಒರೆಸಿಕೊಂಡರು. "ಒಂದು ದಾರಿ ಇದೆ. ಪಕ್ಕದಲ್ಲಿ ಯಾರಾದ್ರೂ ನಿಂತಿದ್ರೆ ಅವರ ಮಾತೇ ಕೊನೆ ಅಲ್ವಾ? ಬೇರೆ ಯಾರನ್ನೂ ಅವನು ಹತ್ರ ಬಿಡಲ್ಲ. ನಿನ್ನನ್ನ ಬೇಡ ಅನ್ನೋ ಬಾಯಿ ಅವನಿಗಿಲ್ಲ. ನೀನು ನಿಲ್ಲು. ಅವನು ಕೈ ಎತ್ತಲಿ, ನಿನ್ನ ಕೇಳ್ತಾರೆ. ಮುಟ್ಟಿಲ್ಲ ಅನ್ನು. ಅಷ್ಟೇ. ಸುಳ್ಳೂ ಅಲ್ಲ. ನಿನ್ನ ದೇವರಿಗೂ ಬೇಜಾರಾಗಲ್ಲ."

ಸುಳ್ಳಲ್ಲ, ನಿಜವೇ. ಮರುದಿನ ಮಧ್ಯಾಹ್ನ ಪೀಪಾಯಿ ಅಂಗಳಕ್ಕೆ ಹೋದೆ. ವೆಂಡೆಲ್ ಒಲೆಯ ಹೊಗೆಯಲ್ಲಿ ಕೂತು ರೈ ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದ. ಒಂದು ವರ್ಷದಿಂದ ನಾವು ಎರಡು ಮಾತು ಆಡಿರಲಿಲ್ಲ.

"ಎಲ್ಲಿ ಮುಟ್ಟುತ್ತೆ?" ಎಂದು ಕೇಳಿದೆ.

ಅವನು ಯಾಕೆ, ಏನು ಎನ್ನಲಿಲ್ಲ. "ಬೆನ್ನಿನ ಕುಳಿ ಇದೆಯಲ್ಲ, ಸೊಂಟದ ಮೇಲೆ. ನಾಲ್ಕನೇ ಸುತ್ತಲ್ಲಿ ಮೈ ಕೆಳಗೆ ಬರುತ್ತಲ್ಲ, ಆಗ."

"ತಳ್ಳುತ್ತಾ?"

"ಇಲ್ಲ. ಹಿಡಿಯೋದೂ ಇಲ್ಲ. ಕುರುಡರು ಗೋಡೆ ಸವರ್ತಾರಲ್ಲ, ಹಾಗೆ. ಯಾರನ್ನೋ ಹುಡುಕ್ಕೊಂಡು ಬರುತ್ತೆ ರೋಸಿನಾ. ನನ್ನ ಮುಟ್ಟಿ ನೋಡಿ, ಇವನಲ್ಲ ಅಂತ ಹೊರಟೋಗುತ್ತೆ."

ಒಲೆಯ ಬೆಂಕಿಗೆ ನನ್ನ ಮುಖ ಸುಡುತ್ತಿತ್ತು, ಬೆನ್ನು ತಣ್ಣಗಾಯಿತು. ಯಾರನ್ನು ಹುಡುಕುತ್ತದೆ ಎಂದು ನನಗೆ ಗೊತ್ತಿತ್ತು.

"ಒಂದು ಸಲ ಸುಮ್ನಿರ್ಬಾರ್ದಾ? ಕೈ ಎತ್ಬೇಡ."

"ಮುಟ್ಟಿದ್ರೆ ಎತ್ಲೇಬೇಕಲ್ಲ" ಎಂದ, ಮಗುವಿಗೆ ಹೇಳುವಂತೆ. "ಒಂದು ಆಣೆ ಉಳಿಸೋಕೆ ಹೋಗಿ ಅವನನ್ನ ಕಳ್ಕೊಂಡೆ. ಈಗ ಅವನು ಬಂದು ಮುಟ್ಟಿದ್ರೆ ಬಂದೇ ಇಲ್ಲ ಅನ್ಲಾ?"

"ಬೆಲ್‌ವಿಲ್‌ನಲ್ಲಿ ನಾನು ನಿಲ್ತೀನಿ ನಿನ್ನ ಪಕ್ಕ."

ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾನು ಬಿದ್ರೆ ಇಬ್ರೂ ಹೋಗ್ತೀವಿ. ನೀನು ಕೋಳಿಮರಿ ಥರ ಇದೀಯ."

"ನೀನು ಬೀಳಲ್ಲ."

"ಪಾದ್ರಿಗಳು ಏನಂತಾರೆ?"

"ಅವರೇನು ಕಂಬಿ ಹತ್ತಲ್ವಲ್ಲ."

ಎಷ್ಟೋ ತಿಂಗಳ ಮೇಲೆ ಅವನ ತುಟಿಯಲ್ಲಿ ಸ್ವಲ್ಪ ನಗು ಕಂಡಿತು. ನನ್ನ ಗುಟ್ಟನ್ನು ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. 'ಮುಟ್ಟಿಲ್ಲ' ಎಂಬ ಒಂದು ಮಾತಿನಿಂದ ಎಲ್ಲ ಮುಗಿಯುತ್ತದೆ, ಅವನ ಕೋಣೆ ಉಳಿಯುತ್ತದೆ, ನನ್ನ ಮಾತು ನನ್ನೊಳಗೇ ಉಳಿಯುತ್ತದೆ ಎಂದುಕೊಂಡೆ.

ಬೆಲ್‌ವಿಲ್‌ನಲ್ಲಿ ಆ ಭಾನುವಾರ ಬಿಸಿಲು ಕಾದ ಹೆಂಚಿನಂತಿತ್ತು. ಮರಗಳ ಕೆಳಗೆ ಉದ್ದನೆಯ ಮೇಜುಗಳು, ಆಲೂಗೆಡ್ಡೆ, ಸಾಸೇಜು, ಬಿಯರ್ ಪೀಪಾಯಿಗಳು. ತುತ್ತೂರಿಯವರು ಬೆವರು ಸುರಿಸುತ್ತ ಊದುತ್ತಿದ್ದರು. ನಮ್ಮ ತಂಡದ ಐದು ಜನ ಮುಗಿಸಿದ್ದರು. ಎರಡನೆಯ ತಂಡಕ್ಕಿಂತ ಸ್ವಲ್ಪವೇ ಮುಂದೆ ಇದ್ದೆವು. ವೆಂಡೆಲ್ ಸಾಧಾರಣವಾಗಿ ಆಡಿದರೂ ಗೆಲುವು ನಮ್ಮದು. ಸೊನ್ನೆ ಬಂದರೆ ಇಲ್ಲ.

ನಾನು ಕಂಬಿಯ ಪಕ್ಕಕ್ಕೆ ನಡೆದಾಗ ಬೇರೆ ಊರಿನ ತಂಡದಿಂದ ಒಬ್ಬ ಕೂಗಿದ:

"ಅಪ್ಪಾ, ಇವ್ರು ಜೊತೆಗೆ ಅಮ್ಮನ್ನೂ ಕರ್ಕೊಂಡ್ ಬಂದಿದಾರೆ ಕಣ್ರೋ! ಹಾಲಿನ ಬಾಟ್ಲಿ ಎಲ್ಲಮ್ಮಾ?"

"ಕಟ್ಟಳೆ ಪುಸ್ತಕ ತಾ" ಎಂದರು ಮೇಷ್ಟ್ರು. "ಪಕ್ಕದಲ್ಲಿ ನಿಲ್ಲೋಕೆ ಮೀಸೆ ಇರ್ಬೇಕು ಅಂತ ಎಲ್ಲಿ ಬರ್ದಿದೆ ತೋರ್ಸು."

ಬರೆದಿರಲಿಲ್ಲ. ಮುದುಕ ತೀರ್ಪುಗಾರ ಕನ್ನಡಕ ಸರಿಮಾಡಿಕೊಂಡು ತಲೆಯಾಡಿಸಿದ.

ವೆಂಡೆಲ್ ಅಂಗೈಗೆ ಬಿಳಿ ಪುಡಿ ಸವರಿಕೊಂಡು, ನನ್ನ ಕಡೆ ನೋಡದೆ, ನೆಗೆದು ಕಂಬಿ ಹಿಡಿದ. ಮೈ ತೂಗಿತು, ಏರಿತು, ಕಂಬಿಯ ಮೇಲೆ ತಲೆಕೆಳಗಾಗಿ ಒಂದು ಗಳಿಗೆ ನಿಂತಿತು. ಆಮೇಲೆ ದೊಡ್ಡ ಸುತ್ತು ಶುರುವಾಯಿತು.

ಎತ್ತಿದ ಕೈಯೇ ಇಳಿಸುವ ಕೈ. ಗಾಳಿ ನನ್ನ ಲಂಗದ ಅಂಚನ್ನು ಎಳೆದುಕೊಂಡು ಹೋಯಿತು. ಇಳಿಸಿದ ಕೈಯೇ ಕಾಯುವ ಕೈ. ಕಂಬಿ ಬಿಲ್ಲಿನಂತೆ ಬಾಗಿ ಕಿರ್ರೆಂದಿತು. ಕಾಯುವ ಕೈಯನು ಕಾಣದು ಕಣ್ಣು. ತುತ್ತೂರಿ ನಿಂತಿತ್ತೋ, ನನಗೆ ಕೇಳಿಸದೆ ಹೋಯಿತೋ. ನಾಲ್ಕನೆಯ ಸಾಲಿಗೆ ಅವನ ಮೈ ಮೇಲಿನಿಂದ ನನ್ನ ಎದೆಯ ಎತ್ತರಕ್ಕೆ ಇಳಿದು ಬಂತು. ಬೆವರಿಗೆ ಅಂಟಿಕೊಂಡಿದ್ದ ಬಿಳಿ ಅಂಗಿಯ ಬೆನ್ನಿನ ಕುಳಿಯಲ್ಲಿ ಬಟ್ಟೆ ಒಳಗೆ ಒತ್ತಿತು. ಐದು ಬೆರಳು, ಒಂದು ಅಂಗೈ.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮೇಷ್ಟ್ರ ಮುಖ ನೆನಪಿಗೆ ಬರುತ್ತಿತ್ತು. ಕೈ ಚಾಚಿ ಅಲ್ಲಿಟ್ಟೆ. ನನ್ನ ಅಂಗೈಗೆ ಸಿಕ್ಕಿದ್ದು ಬಟ್ಟೆಯಲ್ಲ. ಇನ್ನೊಂದು ಕೈಯ ಹಿಂಬದಿ, ಒಣಗಿ, ಬಿಳಿ ಪುಡಿ ಮೆತ್ತಿಕೊಂಡು. ಅದು ನನ್ನ ಕೈಯ ಕೆಳಗೆ ಹೊರಳಿ ನನ್ನನ್ನು ಹಿಡಿಯಿತು. ಬಿಗಿಯಾಗಿ ಹಿಡಿಯಿತು, ಬೀಳುವವರು ಹಿಡಿಯುವಂತೆ.

ಅಷ್ಟರಲ್ಲಿ ವೆಂಡೆಲ್ ಮೇಲೇರಿದ್ದ. ಕಂಬಿ ಬಿಟ್ಟ, ಗಾಳಿಯಲ್ಲಿ ತಿರುಗಿದ, ಹಿಡಿದ, ಇನ್ನೊಂದು ಸುತ್ತು ಬಂದು ನೆಲಕ್ಕೆ ಇಳಿದು ಗೂಟ ನೆಟ್ಟಂತೆ ನಿಂತ. ಜನ ಎದ್ದು ನಿಂತು ಕೂಗಿದರು. ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ. ಬಲಗೈ ನಿಧಾನವಾಗಿ ಮೇಲೆದ್ದಿತು.

"ಮುಟ್ಟಿದರು."

ತೋಟವೆಲ್ಲ ಗೊಣಗಿತು. ಹಿಂದಿನಿಂದ ಮೇಷ್ಟ್ರು ಮೆಲ್ಲಗೆ, "ಪರ್ವಾಗಿಲ್ಲ, ಪರ್ವಾಗಿಲ್ಲ" ಎನ್ನುವುದು ಕೇಳಿಸಿತು. ತೀರ್ಪುಗಾರ ನನ್ನ ಹತ್ತಿರ ಬಂದ.

"ನೋಡಮ್ಮಾ, ಅವನು ಹೇಳಿದ್ದು ಆಯ್ತು. ಈಗ ನೀನು ಹೇಳು. ಮುಟ್ಟಿದೆಯಾ?"

ಅವನಿಗೆ ಏನೂ ಕಂಡಿರಲಿಲ್ಲ, ಯಾರಿಗೂ ಕಂಡಿರಲಿಲ್ಲ. ಬಾಯಿ ತೆರೆದೆ. ಇಲ್ಲ ಎನ್ನುವುದಕ್ಕೆ ಒಂದು ಉಸಿರೂ ಬೇಡ. ಆದರೆ ನನ್ನ ಬಲಗೈಯಲ್ಲಿ ಆ ಹಿಡಿತ ಇನ್ನೂ ಬಿಟ್ಟಿರಲಿಲ್ಲ. ಅದನ್ನು ಇಟ್ಟುಕೊಂಡೇ ಇಲ್ಲ ಎನ್ನುವುದು ಹೇಗೆ? ಒಂದು ವರ್ಷ ಹಾಗೆಯೇ ಅಂದಿದ್ದೆ, ಬಾಯಿ ತೆರೆಯದೆ.

"ಮುಟ್ಟಿದೆ" ಎಂದೆ.

"ಜೋರಾಗಿ."

"ನಾನು ಮುಟ್ಟಿದೆ. ನನ್ನ ತಮ್ಮ ಬೀಳುವಾಗ ಕರೆದದ್ದು ನನ್ನನ್ನ. ಅಕ್ಕಾ ಅಂತ ಕರೆದ. ಆ ಆಣೆ ಹಾಕಿಸೋ ಹಾಗೆ ಹಂಗಿಸಿದ್ದೂ ನಾನೇ. ವೆಂಡೆಲ್‌ದು ಏನೂ ತಪ್ಪಿಲ್ಲ."

ತೀರ್ಪುಗಾರನಿಗೆ ಬೇಕಾಗಿದ್ದು ಮೊದಲನೆಯ ಮಾತು ಮಾತ್ರ. ಸೊನ್ನೆ ಬರೆದುಕೊಂಡು ಹೋದ.

ನಾವು ಸೋತೆವು. ಮೇಷ್ಟ್ರು ನನ್ನ ಮುಂದೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ.

"ಒಂದು ಮಾತು ಕೇಳಿದ್ನಲ್ಲೇ ನಿನ್ನ, ಒಂದೇ ಒಂದು" ಎಂದರು. ಟೋಪಿಯನ್ನು ತಲೆಗಿಟ್ಟುಕೊಂಡು ತಿರುಗಿ ನಡೆದರು. ಆ ಸಂಜೆಯೇ ಪಟ್ಟಿಯಿಂದ ವೆಂಡೆಲ್‌ನ ಹೆಸರು ಹೊಡೆದರು. ಊರಿಗೆ ಮರಳಿದ ಮೇಲೆ ಕೋಣೆಯ ಬೀಗವನ್ನು ಮೇಷ್ಟ್ರೇ ಹಾಕಿದರು.

ಊರಿಗೆ ಮರಳುವ ಬಂಡಿಗೆ ಕಾಯುತ್ತ ನಾವಿಬ್ಬರೂ ಹಳಿಯ ಪಕ್ಕದ ಹುಲ್ಲಿನಲ್ಲಿ ಕೂತೆವು. ಉಳಿದವರು ದೂರ ನಿಂತಿದ್ದರು.

"ಈ ಸಲ ಎರಡು ಕೈ ಇತ್ತು" ಎಂದ ವೆಂಡೆಲ್.

"ಹೂಂ."

"ಅವನು ಅಕ್ಕಾ ಅಂದದ್ದು ನನಗೂ ಕೇಳಿಸ್ತು ರೋಸಿನಾ, ಆವತ್ತೇ. ನಿನಗೆ ಗೊತ್ತಾಗ್ಬಾರ್ದು ಅಂತ ನಾನು ಬಾಯ್ಬಿಡ್ಲಿಲ್ಲ."

ಅದನ್ನು ಕೇಳಿ ನನಗೆ ಅಳು ಬರಬೇಕಿತ್ತು, ಬರಲಿಲ್ಲ. ನನಗೆ ಕೇಳಬಾರದೆಂದು ಅವನೂ, ಅವನಿಗೆ ಕೇಳಬಾರದೆಂದು ನಾನೂ ಮುಚ್ಚಿಟ್ಟ ಒಂದೇ ಕೂಗು, ಇಷ್ಟು ದಿನ ಎಲ್ಲಿಗೆ ಹೋಗಬೇಕಿತ್ತು? ಬಾಗಿಲು ತೆರೆಯದ ಎರಡು ಮನೆಗಳ ನಡುವೆ ಅಲೆಯಿತು.

ಮರುವರ್ಷ ನಾವು ಮದುವೆಯಾದೆವು. ವೆಂಡೆಲ್ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿದ, ಇಪ್ಪತ್ತಾರು ವರ್ಷ. ಮರದ ಕುದುರೆ, ಹಗ್ಗ, ಏಣಿ ಎಲ್ಲ ಕಲಿಸಿದ. ಕಂಬಿಯನ್ನು ಮಾತ್ರ ಎದೆಯ ಎತ್ತರಕ್ಕಿಂತ ಮೇಲೆ ಕಟ್ಟಗೊಡಲಿಲ್ಲ. ಪ್ರತಿ ಮಗುವಿಗೂ ಪಕ್ಕದಲ್ಲಿ ತಾನೇ ನಿಂತು, ಬಿದ್ದರೂ ಬೀಳದಿದ್ದರೂ, ಬೆನ್ನಿಗೆ ಕೈ ಕೊಟ್ಟೇ ಇರುತ್ತಿದ್ದ. ಬೇರೆ ಮೇಷ್ಟ್ರುಗಳು ನಗುತ್ತಿದ್ದರಂತೆ. ಅವನನ್ನು ಮತ್ತೆ ಯಾವ ಕೈಯೂ ಮುಟ್ಟಲಿಲ್ಲ. ಒಂದೊಂದು ದಿನ ಅವನು ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ಸುಮ್ಮನೆ ನಿಂತಿರುತ್ತಿದ್ದ, ಮಳೆಗೆ ಕಾಯುವವರಂತೆ. ಆಗ ನಾನು ಹೋಗಿ ಆ ಕುಳಿಯಲ್ಲಿ ಅಂಗೈ ಇಡುತ್ತಿದ್ದೆ. ಅವನು ಕಣ್ಣು ಮುಚ್ಚುತ್ತಿದ್ದ. ಅವನಿಗೆ ಬೇಕಾದದ್ದು ನನ್ನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಹಿಡಿತ ನನ್ನ ಬಲಗೈಯಿಂದ ಹೋಗಲೇ ಇಲ್ಲ. ಹಿಟ್ಟು ನಾದುವಾಗ ಇರುವುದಿಲ್ಲ. ಚರ್ಚಿನಲ್ಲಿ ಪದಕ್ಕೆ ಎದ್ದು ನಿಂತಾಗ, ಎಲ್ಲರ ದನಿ ಏರುವಾಗ, ನನ್ನ ಬೆರಳುಗಳ ನಡುವೆ ಒಣಗಿದ ಬೆರಳುಗಳು ಬಂದು ಸೇರುತ್ತವೆ, ಭಾರವಾಗುತ್ತವೆ. ನಾನು ಕೊನೆಯ ಸಾಲಿನವರೆಗೂ ಹಿಡಿದುಕೊಂಡಿರುತ್ತೇನೆ. ದೇವರ ಮನೆಯಲ್ಲಿ ಇದು ಸರಿಯೋ ತಪ್ಪೋ ಎಂದು ಪಾದ್ರಿಗಳನ್ನು ಕೇಳಿಲ್ಲ. ಬೆನ್ನು ತಿರುಗಿಸಿ ಕಾಯುವ ವೆಂಡೆಲ್‌ಗೂ ಹೇಳಿಲ್ಲ.

ವೆಂಡೆಲ್‌ಗೆ ಈಗ ಶ್ವಾಸದ ತೊಂದರೆ, ಹಾಸಿಗೆಯಲ್ಲೇ ಇರುತ್ತಾನೆ. ನಾನು ಚರ್ಚಿನಿಂದ ಬಂದು ಟೋಪಿ ತೆಗೆಯುವಾಗ ಪ್ರತಿ ಭಾನುವಾರ ಅದನ್ನೇ ಕೇಳುತ್ತಾನೆ.

"ಬಂದಿದ್ನಾ?"

"ಇಲ್ಲಪ್ಪ. ಇವತ್ತು ಬರ್ಲಿಲ್ಲ."

ಅವನು ನನ್ನ ಮುಖ ನೋಡುವುದಿಲ್ಲ. ನನ್ನ ಬಲಗೈಯ ಕಡೆಗೆ ನೋಡುತ್ತಾನೆ. ಆಮೇಲೆ ಹಾಸಿಗೆಯಲ್ಲಿ ಸ್ವಲ್ಪ ಆಚೆ ಸರಿದು, ಇಬ್ಬರು ಕೂರುವಷ್ಟು ಜಾಗ ಮಾಡುತ್ತಾನೆ.